ಜೋಪಾನನ ಕೈಗೆ ಕೊಟ್ಟ ಧ್ವನಿ

ಬಸ್ ನಿಲ್ದಾಣದ ಹಿಂಭಾಗದಲ್ಲಿ, ಮೂತ್ರಾಲಯಕ್ಕೂ ವಿಚಾರಣೆ ಕೌಂಟರಿಗೂ ನಡುವೆ, ಕಿಟಕಿಯಿಲ್ಲದ ಒಂದು ಕೋಣೆಯಿದೆ. ಪ್ರಯಾಣಿಕರು ಮರೆತು ಇಳಿದುಹೋದ ಸಾಮಾನೆಲ್ಲ ಕೊನೆಗೆ ಬಂದು ಸೇರುವುದು ಅಲ್ಲಿಗೆ. ಕೊಡೆಗಳು, ಊಟದ ಡಬ್ಬಿಗಳು, ಒಂಟಿ ಬೂಟು, ಹಲ್ಲಿನ ಸೆಟ್ಟು, ಒಂದು ಊರುಗೋಲು. ಊರುಗೋಲು ಹಿಡಿದು ಬಸ್ಸು ಹತ್ತಿದವನು ಅದಿಲ್ಲದೆ ಹೇಗೆ ಇಳಿದು ನಡೆದುಹೋದ ಎಂಬುದನ್ನು ಇಲಾಖೆ ಇಂದಿಗೂ ಬಗೆಹರಿಸಿಲ್ಲ. ಈ ಕೋಣೆಯ ಉಸ್ತುವಾರಿ ನಮ್ಮ ಮನುಷ್ಯನದು. ಮಾತಿಗೆ ಮುಂಚೆ 'ಜೋಪಾನ' ಎನ್ನುತ್ತಿದ್ದ, ಮಾತಿನ ಮೇಲೂ 'ಜೋಪಾನ' ಎನ್ನುತ್ತಿದ್ದ. ಹಾಗಾಗಿ ಊರಿಗೆಲ್ಲ ಅವನು ಜೋಪಾನನೇ ಆಗಿಬಿಟ್ಟಿದ್ದ. ತನ್ನ ಕೈಗೆ ಬಂದ ಯಾವ ವಸ್ತುವೂ ಈವರೆಗೆ ಕಳೆದಿಲ್ಲ ಎಂಬುದು ಅವನ ಹೆಮ್ಮೆ. ಕೇಳಿಕೊಂಡು ಬರುವವರೇ ಇಲ್ಲದ ಮೇಲೆ ಕಳೆಯುವುದಾದರೂ ಹೇಗೆ ಎಂದು ಅವನ ಹೆಂಡತಿ ಆಗಾಗ ಕೇಳುವುದಿತ್ತು.

ಅವನ ಅಕ್ಕನ ಗಂಡ, ಅಂದರೆ ಭಾವ, ನಿವೃತ್ತ ಡ್ರಿಲ್ ಮೇಷ್ಟ್ರು. ಜೋಪಾನನ ಮನೆಯಿದ್ದ ಕಟ್ಟಡದಲ್ಲೇ ಮೇಲಿನ ಮಹಡಿಯಲ್ಲಿ ವಾಸ. ಕೆಲಸದಿಂದ ನಿವೃತ್ತರಾಗಿದ್ದರೇ ಹೊರತು ಅವರ ಗಂಟಲು ನಿವೃತ್ತಿ ಪಡೆದಿರಲಿಲ್ಲ. ಅವರು ಮೇಲಿನಿಂದ 'ಯಾರದು?' ಎಂದರೆ ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ತಮ್ಮ ಹೆಸರು ಹೇಳಿ ಮುಂದೆ ಹೋಗುತ್ತಿದ್ದರು. ಹೆಂಡತಿಯನ್ನು ಕರೆಯುವುದೂ ಹಾಗೆಯೇ, ಸಾಲಿನ ಕೊನೆಯಲ್ಲಿ ನಿಂತ ಹುಡುಗನನ್ನು ಕರೆದಂತೆ.

ಅಂಥ ಗಂಟಲಲ್ಲೇ ಗಡ್ಡೆ ಬೆಳೆಯಿತು. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, "ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು. ಜೀವ ಉಳಿಸ್ಬಹುದು, ಮಾತು ಉಳಿಸೋಕಾಗಲ್ಲ" ಎಂದರು. ಕಟ್ಟಡವೆಲ್ಲ ಮರುಗಿತು. ಕೆಲವು ಮನೆಗಳಲ್ಲಿ ಮಧ್ಯಾಹ್ನದ ನಿದ್ದೆಯ ಬಗ್ಗೆ ಹೊಸ ಭರವಸೆಯೂ ಮೂಡಿತು. ಆದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಭಾವ ಜೋಪಾನನನ್ನು ಹಾಸಿಗೆಯ ಹತ್ತಿರ ಕರೆದರು.

"ನಿನ್ನ ಫೋನಲ್ಲಿ ಮಾತು ಹಿಡಿದಿಡೋದು ಏನೋ ಇದೆಯಂತಲ್ಲ. ಅದನ್ನ ಹಾಕಿ ಕೊಡು."

"ಏನ್ ಹೇಳ್ತೀರ ಭಾವ?"

"ನಿನಗ್ಯಾಕೆ? ಆಚೆ ನಡಿ. ಬಾಗಿಲು ಎಳ್ಕೊಂಡು ಹೋಗು."

ಜೋಪಾನ ಆಚೆ ನಿಂತ. ಬೀದಿಯ ಕೊನೆಗೆ ಮುಟ್ಟುವ ಗಂಟಲು ಅಂದು ಒಂದು ಹಲಗೆಯ ಬಾಗಿಲನ್ನು ದಾಟಿ ಬರಲಿಲ್ಲ. ಪಾಪ, ರೋಗ ಅಷ್ಟು ಮುಂದುವರಿದಿದೆ ಎಂದುಕೊಂಡು ಅವನು ಕಣ್ಣೊರೆಸಿಕೊಂಡ. ಬಹಳ ಹೊತ್ತಾದ ಮೇಲೆ ಒಳಗಿಂದ ಕೆಮ್ಮು ಕೇಳಿಸಿತು. ಭಾವ ಫೋನನ್ನು ವಾಪಸ್ಸು ಚಾಚಿದರು.

"ಇದು ನಿನ್ನ ಅಕ್ಕನಿಗೆ. ಈಗಲ್ಲ, ನನ್ನ ಮಾತು ನಿಂತ ಮೇಲೆ. ಅವಳು ಕೇಳೋ ಹೊತ್ತಿಗೆ ನಾನು ಬಾಯಿಬಿಟ್ಟು ಏನೂ ಹೇಳೋ ಹಾಗಿರಬಾರದು."

"ನಾನೂ ಒಂದ್ಸಲ..."

"ಕೇಳಿದ್ರೆ ಕಿವಿ ಕಿತ್ತು ಕೈಗೆ ಕೊಡ್ತೀನಿ."

"ಆಯ್ತು ಭಾವ. ಜೋಪಾನವಾಗಿ ಇಟ್ಕೋತೀನಿ."

ಭಾವ ಅವನ ಮುಖವನ್ನೊಮ್ಮೆ, ಫೋನನ್ನೊಮ್ಮೆ ನೋಡಿ ಕಣ್ಣು ಮುಚ್ಚಿಕೊಂಡರು. ಬೇರೆ ಯಾರಿಗಾದರೂ ಕೊಡಬಹುದಿತ್ತೇ ಎಂಬ ಯೋಚನೆ ಅವರಿಗೆ ಆಗಲೇ ಬಂದಿದ್ದಿರಬಹುದು.

ಮರುದಿನ ಭಾವನನ್ನು ಒಳಗೆ ಕರೆದುಕೊಂಡು ಹೋದರು. ಆಸ್ಪತ್ರೆಯಲ್ಲಿ ಅಳುವ ಕಾರ್ಯಕ್ರಮ ಬೇಡ, ಎಲ್ಲ ಮುಗಿದ ಮೇಲೆ ಬಾ ಎಂದು ಅಕ್ಕನಿಗೆ ಅವರ ಆಜ್ಞೆಯಾಗಿತ್ತು. ಹೀಗಾಗಿ ಕಾಯುವ ಹಾಲಿನಲ್ಲಿ ಜೋಪಾನ ಒಬ್ಬನೇ. ಹೊರಗೆ ಮೋಡ, ಒಳಗೆ ಫಿನಾಯಿಲ್ ವಾಸನೆ. ಕಬ್ಬಿಣದ ಕುರ್ಚಿಗಳನ್ನು ಒಂದಕ್ಕೊಂದು ಬೆಸೆದಿದ್ದರಿಂದ ಒಬ್ಬರು ನಿಟ್ಟುಸಿರು ಬಿಟ್ಟರೆ ಸಾಲೆಲ್ಲ ಅಲುಗುತ್ತಿತ್ತು. ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಚಿಕ್ಕಪ್ಪ, ದೊಡ್ಡಮ್ಮ, ಷಡ್ಡಕ, ಎಲ್ಲರಿಗೂ ಆಗಿಂದಾಗ ಸಮಾಚಾರ ಬೇಕು. ಇಷ್ಟರಲ್ಲಿ ಫೋನು ಸ್ತಬ್ಧವಾಗಿ, ಇನ್ನು ತನ್ನ ಹೊಟ್ಟೆಯಲ್ಲಿ ಜಾಗವಿಲ್ಲ ಎಂಬರ್ಥದ ಒಂದು ಸಾಲನ್ನು ತೋರಿಸಿ ನಿಂತುಬಿಟ್ಟಿತು.

ಪಕ್ಕದ ಕುರ್ಚಿಯಲ್ಲಿ ಟೈ ಕಟ್ಟಿಕೊಂಡ ಒಬ್ಬರಿದ್ದರು. ಅವರ ಮಾವನನ್ನೂ ಅಂದೇ ಒಳಗೆ ಮಲಗಿಸಿದ್ದರು. ಅವರು ಬಗ್ಗಿ ನೋಡಿ, "ಏನಿಲ್ಲ, ಕ್ಯಾಶ್ ಕ್ಲಿಯರ್ ಮಾಡ್ಬೇಕು" ಎಂದರು.

ಜೋಪಾನನಿಗೆ ಸಿಟ್ಟು ಬಂತು. "ಬೆಳಿಗ್ಗೇನೇ ಮಾಡಿದ್ದೀನಿ ಸ್ವಾಮಿ. ಕ್ಯಾಶ್ ಕೌಂಟರಿನವರು ರಸೀದಿ ಕೊಟ್ಟಿದ್ದಾರೆ."

"ಆ ಕ್ಯಾಶ್ ಅಲ್ಲ ಸಾರ್. ಆ್ಯಪ್‌ಗಳು ಬೇಡದ್ದನ್ನೆಲ್ಲಾ ಒಳಗೆ ಗುಡ್ಡೆ ಹಾಕ್ಕೊಂಡಿರ್ತವೆ, ಅದಕ್ಕೆ ಕ್ಯಾಶ್ ಅಂತಾರೆ. ಸೆಟ್ಟಿಂಗ್ಸಿಗೆ ಹೋಗಿ ಒಂದೊಂದೇ ಆ್ಯಪ್ ತೆಗೆದು ಕ್ಲಿಯರ್ ಒತ್ತಿ. ಹಗುರ ಆಗತ್ತೆ."

ಬೇಡದ್ದನ್ನು ಗುಡ್ಡೆ ಹಾಕಿಕೊಂಡು ಕೂರುವ ಕೆಲಸದ ಒಳಹೊರಗು ಜೋಪಾನನಿಗೆ ಹೇಳಿಕೊಡಬೇಕೆ? ಉತ್ಸಾಹದಿಂದ ಶುರುಮಾಡಿದ. ಹವಾಮಾನದ ಆ್ಯಪ್ ಕ್ಲಿಯರ್. ಬಸ್ ವೇಳೆಯ ಆ್ಯಪ್ ಕ್ಲಿಯರ್. ಒತ್ತಿದಂತೆಲ್ಲ ಜಾಗ ಬಿಡುಗಡೆಯಾಗುವುದು ಕಾಣುತ್ತಿತ್ತು. ಅವನ ಎದೆಯ ಮೇಲಿನ ಭಾರವೂ ಇಳಿದಂತಾಗುತ್ತಿತ್ತು. ಧ್ವನಿ ಹಿಡಿದಿಡುವ ಆ್ಯಪ್ ಬಂತು. ಅಲ್ಲಿ ಎರಡು ಗುಂಡಿ. ಕ್ಯಾಶ್ ಎಂಬುದರ ಎದುರು ಅಷ್ಟೇನೂ ಇರಲಿಲ್ಲ. ಡೇಟಾ ಎಂಬುದರ ಎದುರು ದೊಡ್ಡ ಅಂಕಿಯಿತ್ತು. ಇಷ್ಟು ದೊಡ್ಡ ಕಸದ ಗುಡ್ಡೆಯನ್ನು ಬಿಟ್ಟು ಸಣ್ಣದನ್ನು ಗುಡಿಸುವುದು ಯಾವ ನ್ಯಾಯ? ಒತ್ತಿದ. ಎಲ್ಲವೂ ಶಾಶ್ವತವಾಗಿ ಅಳಿಸಿಹೋಗುತ್ತದೆ, ಖಚಿತವೇ ಎಂದು ಫೋನು ಕೇಳಿತು. ಯಂತ್ರಕ್ಕೂ ಎಷ್ಟು ಮರ್ಯಾದೆ ಎಂದುಕೊಂಡು 'ಸರಿ' ಎಂದ.

ಆಮೇಲೆ ಆ ಆ್ಯಪನ್ನು ತೆರೆದು ನೋಡಿದ. ಅದು ಅವನನ್ನು ಗುರುತೇ ಹಿಡಿಯಲಿಲ್ಲ. 'ಸ್ವಾಗತ, ನಿಮ್ಮ ಮೊದಲ ಧ್ವನಿಯನ್ನು ದಾಖಲಿಸಿ' ಎಂದು ನಗುಮುಖ ತೋರಿಸಿತು.

"ಸ್ವಾಮಿ, ಇದರಲ್ಲಿ ನಮ್ಮ ಭಾವ ಇದ್ರು," ಎಂದ ಜೋಪಾನ.

ಟೈ ಕಟ್ಟಿದವರು ಫೋನು ನೋಡಿದರು. ಅವನ ಮುಖ ನೋಡಿದರು. "ನಾನು ಕ್ಯಾಶ್ ಅಂದೆ. ಡೇಟಾ ಅಂದ್ನಾ?" ಎಂದು ಎದ್ದುಹೋಗಿ ಗೋಡೆಯ ಕಡೆಯ ಕುರ್ಚಿಯಲ್ಲಿ ಕೂತರು.

ಜೋಪಾನ ಹೆಂಡತಿಗೆ ಫೋನು ಮಾಡಿದ. ಅವನ ಮುಂದಿನ ಬದುಕನ್ನು ನಿರ್ಧರಿಸಿದ ಆ ಸಂಭಾಷಣೆ ಹೀಗಿತ್ತು.

"ಹೋಯ್ತು ಕಣೇ. ಭಾವಂದು ಹೋಯ್ತು."

"ಅಯ್ಯೋ! ಏನ್ರೀ ಹಂಗಂದ್ರೆ?"

"ಎಲ್ಲಾ ಹೋಯ್ತು. ಕಣ್ಣು ಮಿಟುಕಿಸೋದ್ರೊಳಗೆ. ನನ್ನ ಕೈಯಾರೆ ಹೋಯ್ತು."

"ಡಾಕ್ಟರು ಏನಂದ್ರು?"

"ಡಾಕ್ಟರಿಗೇನೇ ಗೊತ್ತಾಗತ್ತೆ ಇದ್ರಲ್ಲಿ! ಅಕ್ಕಂಗೆ ಮಾತ್ರ ಹೇಳ್ಬೇಡ. ಹೇಗಾದ್ರೂ ವಾಪಸ್ ಬರತ್ತೇನೋ ನೋಡ್ತೀನಿ."

ಕೊನೆಯ ಮಾತು ಕೇಳಿ ಹೆಂಡತಿ, ದುಃಖದಲ್ಲಿ ಇವರಿಗೆ ತಲೆ ಕೆಟ್ಟಿದೆ ಎಂದುಕೊಂಡಳು. ಅವನಂತೂ ಫೋನಿಟ್ಟವನೇ ಆಸ್ಪತ್ರೆಯ ಎದುರಿನ ಮೊಬೈಲ್ ರಿಪೇರಿ ಅಂಗಡಿಗೆ ಓಡಿದ.

ಅಂಗಡಿಯವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಮುಖದಲ್ಲಿ ಯಾವ ಭಾವವೂ ಇಲ್ಲದೆ ವಿಚಾರಿಸಿದ. "ಯಾವಾಗ ಆಯ್ತು?"

"ಈಗಷ್ಟೇ."

"ಬ್ಯಾಕಪ್ ಇತ್ತಾ? ಅಂದ್ರೆ ಇನ್ನೊಂದು ಕಡೆ ಇಟ್ಟಿದ್ರಾ?"

"ನನ್ನ ಹತ್ರ ಇದ್ದ ಮೇಲೆ ಇನ್ನೊಂದು ಕಡೆ ಯಾಕಿಡ್ಲಿ?"

ಅಂಗಡಿಯವನು ಫೋನನ್ನು ಆರಿಸಿ, ಪರದೆಯ ಹಿಂದಕ್ಕೆ ಒಯ್ದ. ಜೋಪಾನ ಆಚೆಗೂ ಈಚೆಗೂ ಅಲೆದಾಡಿದ. ಎದುರಿಗೆ ಆಸ್ಪತ್ರೆಯಲ್ಲಿ ಭಾವನ ಗಂಟಲು ಬಿಚ್ಚಿದ್ದರು. ಇಲ್ಲಿ ಅವರ ಧ್ವನಿಯ ಹೊಟ್ಟೆ ಬಿಚ್ಚಿದ್ದರು. ಕೊನೆಗೆ ಅಂಗಡಿಯವನು ಕೈಯೊರೆಸಿಕೊಳ್ಳುತ್ತ ಹೊರಬಂದ.

"ಕೈಲಾದದ್ದೆಲ್ಲಾ ಮಾಡಿದೆ ಸಾರ್. ಹೋಗಿದೆ. ಮನಸ್ಸು ಗಟ್ಟಿ ಮಾಡ್ಕೊಳ್ಳಿ. ಬಾಡೀಗೆ ಏನೂ ಆಗಿಲ್ಲ, ತಗೊಂಡು ಹೋಗ್ಬಹುದು."

ಅಷ್ಟರೊಳಗೆ ಮನೆಯ ಕಡೆ ಏನೇನಾಯಿತೆಂಬುದು ಜೋಪಾನನಿಗೆ ಆಮೇಲೆ ಕಂತುಕಂತಾಗಿ ತಿಳಿಯಿತು. ಹೆಂಡತಿ ಅಕ್ಕನಿಗೆ ಹೇಳಬಾರದೆಂಬ ಗಂಡನ ಮಾತನ್ನು ಅಕ್ಷರಶಃ ಪಾಲಿಸಿ, ಕೆಳಮನೆಯವರಿಗೆ ಮಾತ್ರ ಹೇಳಿದಳು. ಕೆಳಮನೆಯವರು ನಿವೃತ್ತರ ಸಂಘದ ಕಾರ್ಯದರ್ಶಿ. ಸಂಘದಲ್ಲಿ ಯಾರು ತೀರಿಕೊಂಡರೂ ಮಾತಾಡುವುದು, ಎರಡು ನಿಮಿಷ ಎಲ್ಲರನ್ನೂ ಎದ್ದು ನಿಲ್ಲಿಸುವುದು ಅವರದೇ ಹೊಣೆ. ಹಾಗಾಗಿ ಅವರಿಗೆ 'ಮೌನಾಚರಣೆ' ಎಂದೇ ಹೆಸರು. ಡ್ರಿಲ್ ಮೇಷ್ಟ್ರ ಗಂಟಲ ಸುದ್ದಿ ಕಿವಿಗೆ ಬಿದ್ದ ವಾರದಲ್ಲೇ ಅವರು ಭಾಷಣವನ್ನು ಅರ್ಧ ಸಿದ್ಧಮಾಡಿಕೊಂಡಿದ್ದರು. ಈಗ ಉಳಿದರ್ಧವನ್ನು ಮೆಟ್ಟಿಲ ಮೇಲೆ ನಿಂತೇ ಮುಗಿಸಿ, ವ್ಯಾನು ಗೊತ್ತುಮಾಡಿ, ಹೂವಿನ ಚಕ್ರ ತರಿಸಿ, ಮೇಷ್ಟ್ರ ಹಳೆಯ ವಿದ್ಯಾರ್ಥಿಗಳಿಗೆಲ್ಲ ಸುದ್ದಿ ಮುಟ್ಟಿಸಿದರು. ಇಷ್ಟು ಗದ್ದಲದಲ್ಲಿ ಅಕ್ಕನಿಗೆ ಯಾರೂ ಹೇಳಲಿಲ್ಲ. ಅವಳೇ ಕೆಳಗಿಳಿದು ಬಂದು ಹೂವಿನ ಚಕ್ರವನ್ನು ನೋಡಿದಳು, ಅಷ್ಟೆ.

ಜೋಪಾನ ಸತ್ತ ಫೋನನ್ನು ಜೇಬಿನಲ್ಲಿಟ್ಟುಕೊಂಡು ರಸ್ತೆ ದಾಟಿದಾಗ ಆಸ್ಪತ್ರೆಯ ಅಂಗಳದಲ್ಲಿ ವ್ಯಾನು ನಿಂತಿತ್ತು. ಬೊಜ್ಜು ಬಂದ, ತಲೆ ನರೆತ ಗಂಡಸರು, ಯಾರೂ ಹೇಳದಿದ್ದರೂ ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದರು. ಹೆಂಡತಿ ಸೆರಗು ಬಾಯಿಗೊತ್ತಿಕೊಂಡಿದ್ದಳು. ಅಕ್ಕ ಮೆಟ್ಟಿಲ ಮೇಲೆ ಕೂತು ತನ್ನ ಅಂಗೈಗಳನ್ನೇ ನೋಡುತ್ತಿದ್ದಳು.

ಅಯ್ಯೋ, ನಾನು ಅಂಗಡಿಯಲ್ಲಿದ್ದಾಗ ಭಾವ ಹೋಗಿಯೇಬಿಟ್ಟರೇ! ಜೋಪಾನ ಅಲ್ಲೇ ಕುಸಿದು ಗೋಳೋ ಎಂದು ಅತ್ತ. ಸುದ್ದಿಯ ಬಗ್ಗೆ ಎಲ್ಲಾದರೂ ಒಂದಿಷ್ಟು ಸಂಶಯ ಇಟ್ಟುಕೊಂಡಿದ್ದವರಿಗೂ ಅವನ ಅಳುವಿನಿಂದ ಖಾತ್ರಿಯಾಯಿತು.

"ಎಷ್ಟು ಹೊತ್ತಿಗೆ ಹೋದ್ರು?" ಎಂದು ಮೌನಾಚರಣೆ ಬೆನ್ನು ಸವರುತ್ತ ಕೇಳಿದರು. ಭಾಷಣಕ್ಕೆ ಬೇಕಾಗಿತ್ತು.

"ನನಗೇನ್ ಗೊತ್ತು! ನಾನು ಮೊಬೈಲ್ ಅಂಗಡೀಲಿದ್ದೆ."

ಸಾಲಿನಲ್ಲಿ ಗುಸುಗುಸು ಎದ್ದಿತು. ಹೆಂಡತಿ ಸೆರಗು ತೆಗೆದಳು. "ಭಾವ ಸಾಯ್ತಾ ಇರೋವಾಗ ಮೊಬೈಲ್ ಅಂಗಡೀಲಿ ಏನ್ರೀ ಕೆಲ್ಸ ನಿಮಗೆ?"

"ಸಾಯ್ತಾರೆ ಅಂತ ನನಗೆ ಗೊತ್ತಿತ್ತೇನೇ? ಅದ್ಸರಿ, ನಿನಗ್ಯಾರು ಹೇಳಿದ್ದು?"

"ನೀವೇ!"

"ನಾನಾ? ನೀವೆಲ್ಲಾ ಅಳ್ತಾ ಇರೋದು ನೋಡಿ ನನಗೇ ಈಗ ಗೊತ್ತಾಗಿದ್ದು!"

"ಸಮಾಧಾನ, ಸಮಾಧಾನ. ಇದು ಜಗಳದ ಸಮಯ ಅಲ್ಲ," ಎಂದರು ಮೌನಾಚರಣೆ. ಸಭೆ ಕೈಮೀರುವ ಲಕ್ಷಣ ಕಂಡಾಗ ಅವರ ಬತ್ತಳಿಕೆಯಲ್ಲಿ ಒಂದೇ ಬಾಣ. "ಅಗಲಿದ ಚೇತನಕ್ಕೆ ಎರಡು ನಿಮಿಷ ಮೌನ!"

ಎಲ್ಲರೂ ತಲೆ ತಗ್ಗಿಸಿದರು. ಜೋಪಾನ ಬಿಕ್ಕುವುದನ್ನು ನುಂಗಿಕೊಂಡು ನಿಂತ. ಆಗಲೇ ಒಳಗಿನಿಂದ ದಾದಿಯೊಬ್ಬಳು ಬಂದು, "ಡ್ರಿಲ್ ಮೇಷ್ಟ್ರ ಕಡೆಯವರು ಯಾರು?" ಎಂದು ಕೂಗಿದಳು.

ಮೌನಾಚರಣೆ ಕಣ್ಣು ಮುಚ್ಚಿಕೊಂಡೇ ಒಂದು ಬೆರಳೆತ್ತಿ ಅವಳನ್ನು ತಡೆದರು.

"ಕಿವಿ ಕೇಳಲ್ವಾ? ಮೇಷ್ಟ್ರ ಕಡೆಯವರು ಯಾರು ಅಂದೆ!"

ಎತ್ತರದ ವಿದ್ಯಾರ್ಥಿಯೊಬ್ಬ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ದಾದಿ ಹೂವಿನ ಚಕ್ರ ನೋಡಿದಳು, ಬಾಗಿದ ತಲೆಗಳನ್ನು ನೋಡಿದಳು. "ಇವರ್ಯಾರೋ ಬೇರೆ," ಎಂದು ಗೊಣಗಿ, ಹೊರಳುತ್ತ, "ಅವರಿಗೆ ಎಚ್ಚರ ಆಗಿದೆ. ಯಾರಾದ್ರೂ ಒಬ್ರು ನೋಡ್ಬಹುದಿತ್ತು," ಎಂದಳು.

ಮೌನ ಮುರಿದದ್ದು ಅಕ್ಕ. ಚಪ್ಪಲಿಯನ್ನು ಅಲ್ಲೇ ಬಿಟ್ಟು ದಾದಿಯ ಹಿಂದೆ ಓಡಿದಳು. ಆ ಸದ್ದೇ ಸಾಕಾಯಿತು.

ಸತ್ತವರು ಬದುಕಿದ್ದಾರೆಂದು ತಿಳಿದಾಗ ಮನುಷ್ಯರು ಹಿಗ್ಗುತ್ತಾರೆ. ಆದರೆ ಆ ಹಿಗ್ಗು ಬಹಳ ಹೊತ್ತು ನಿಲ್ಲುವುದಿಲ್ಲ. ಒಬ್ಬನಿಗೆ ಹಾಕಿದ ರಜೆಯ ನೆನಪಾಯಿತು. ಇನ್ನೊಬ್ಬನಿಗೆ ಮುಚ್ಚಿ ಬಂದ ಅಂಗಡಿಯ ನೆನಪಾಯಿತು. ಹೂವಿನ ಚಕ್ರವನ್ನು ವಾಪಸ್ಸು ತೆಗೆದುಕೊಳ್ಳುವುದಿಲ್ಲ ಎಂದು ವ್ಯಾನಿನವನು ಹೇಳಿದ. ಎಲ್ಲಕ್ಕಿಂತ ಹೆಚ್ಚು ನೊಂದವರು ಮೌನಾಚರಣೆ.

"ಹೋಯ್ತು ಅಂದ್ರಂತಲ್ಲ ನೀವು? ಏನು ಹೋಯ್ತು? ಅದನ್ನ ಹೇಳಿ ಮೊದಲು."

ಜೋಪಾನ ಸುತ್ತ ನಿಂತವರ ಮುಖ ನೋಡಿದ. "ಚಾರ್ಜರು," ಎಂದ. "ಭಾವನ ಚಾರ್ಜರು ಹೋಯ್ತು ಅಂದೆ."

"ಚಾರ್ಜರು ಹೋಗಿದ್ದಕ್ಕೆ ಹೀಗೆ ಬಿದ್ದು ಅತ್ತಿರಾ?"

"ಬಹಳ ಒಳ್ಳೆ ಚಾರ್ಜರು," ಎಂದ ಜೋಪಾನ.

ಆ ದಿನದಿಂದ ಕಟ್ಟಡದಲ್ಲಿ ಅವನಿಗಿದ್ದ ಮರ್ಯಾದೆ ಹೋಯಿತು. ಮೆಟ್ಟಿಲಲ್ಲಿ ಎದುರಾದವರು ಚಾರ್ಜರ್ ಸಿಕ್ಕಿತೇ ಎಂದು ವಿಚಾರಿಸುತ್ತಿದ್ದರು. ಅವನ ಕೆಲಸ ಒಂದೇ. ದಿನವೂ ಆಸ್ಪತ್ರೆಗೆ ಹೋಗುವುದು, ಗಾಜಿನ ಬಾಗಿಲಿನ ಆಚೆಯಿಂದಲೇ ಭಾವನನ್ನು ನೋಡುವುದು, ಅವರು ಕಣ್ಣು ಬಿಟ್ಟರೆ ಗೋಡೆಯ ಮರೆಗೆ ಸರಿಯುವುದು.

ಕೊನೆಗೆ ಭಾವನನ್ನು ವಾರ್ಡಿಗೆ ತಂದರು. ಮರೆಗೆ ಅಲ್ಲಿ ಗೋಡೆಯಿರಲಿಲ್ಲ. ಕುತ್ತಿಗೆಯಲ್ಲಿ ತೂತು, ಅದರಲ್ಲೊಂದು ನಳಿಕೆ, ಎದೆಯ ಮೇಲೆ ಬರೆದು ಅಳಿಸುವ ಒಂದು ಬಿಳಿ ಹಲಗೆ. ಅಕ್ಕ, ಗಂಡ ಸಂತೋಷಪಡಲಿ ಎಂದು ಮನೆಯಿಂದ ಅವರ ಹಳೆಯ ಸೀಟಿಯನ್ನು ತಂದಿದ್ದಳು. ಮಾತಿಲ್ಲದಿದ್ದರೇನು, ಕರೆಯಬೇಕಾದಾಗ ಊದಬಹುದಲ್ಲ. ಭಾವನ ಕಣ್ಣು ಅರಳಿತು. ಸೀಟಿಯನ್ನು ತುಟಿಗಿಟ್ಟು ಎದೆಯುಬ್ಬಿಸಿ ಊದಿದರು. ಗಾಳಿಯೆಲ್ಲ ಕುತ್ತಿಗೆಯ ತೂತಿನಿಂದ ಬುಸ್ಸೆಂದು ಹೋಯಿತು. ಇನ್ನೊಮ್ಮೆ ಊದಿದರು. ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ ಇಬ್ಬರು ಹಳೆಯ ವಿದ್ಯಾರ್ಥಿಗಳು, ಸದ್ದು ಬರದಿದ್ದರೂ, ನೆಟ್ಟಗಾಗಿ ಹಿಮ್ಮಡಿ ಜೋಡಿಸಿದರು. ಆಮೇಲೆ ಎಲ್ಲಿ ನೋಡಬೇಕೋ ತಿಳಿಯದೆ ಹೊರಟುಹೋದರು.

ಭಾವ ಸೀಟಿಯನ್ನು ಹಾಸಿಗೆಯ ಮೇಲಿಟ್ಟು, ಹಲಗೆ ತೆಗೆದುಕೊಂಡು ಬರೆದರು. 'ಫೋನ್. ಅವಳಿಗೆ ಕೇಳಿಸು. ಉಳಿದವರು ಆಚೆ.'

ಉಳಿದವರು ಎಂದರೆ ಜೋಪಾನನ ಹೆಂಡತಿ ಮತ್ತು ಮೌನಾಚರಣೆ. ಉಳಿದವರೆಂದರೆ ತಾನಲ್ಲ ಎಂದು ಇಬ್ಬರೂ ತಿಳಿದು ಕುರ್ಚಿಗಳನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

"ಏನೋ ಅದು, ನನಗೆ ಕೇಳಿಸೋದು?" ಎಂದಳು ಅಕ್ಕ.

ಜೋಪಾನ ಫೋನು ತೆಗೆದ. ಅಂಗಿಯ ಚುಂಗಿನಿಂದ ಅದರ ಗಾಜನ್ನು ಒರೆಸಿದ. ಮತ್ತೆ ಒರೆಸಿದ. "ಭಾವ," ಎಂದ, "ಅದು ಹೋಯ್ತು."

ಈ ಸಲ ಯಾರಿಗೂ ತಪ್ಪು ತಿಳಿವಳಿಕೆ ಆಗಲಿಲ್ಲ. ಅವನು ಎಲ್ಲವನ್ನೂ ಹೇಳಿದ. ಆಪರೇಷನ್ನಿನ ಮುಂಚೆ ಭಾವ ಅವಳಿಗೆಂದು ಹೇಳಿಟ್ಟದ್ದು, ಜಾಗ ಸಾಲದಾದದ್ದು, ಕ್ಯಾಶ್ ಎಂದದ್ದು, ತಾನು ಡೇಟಾ ಒತ್ತಿದ್ದು, ಅಂಗಡಿಯವನು ಮನಸ್ಸು ಗಟ್ಟಿ ಮಾಡಿಕೋ ಎಂದದ್ದು. ಭಾವ ಚಾವಣಿ ನೋಡುತ್ತಿದ್ದರು. ನಳಿಕೆ ಮಾತ್ರ ಒಂದೇ ಸಮನೆ ಉಸಿರಾಡುತ್ತಿತ್ತು.

"ಹಂಗಾದ್ರೆ ಅವತ್ತು ನೀನು ಅತ್ತಿದ್ದು ಚಾರ್ಜರಿಗಲ್ವಾ?" ಎಂದಳು ಅಕ್ಕ.

"ಅಲ್ಲ ಅಕ್ಕ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. "ನೀನು ಕೇಳಿಸ್ಕೊಂಡಿದ್ಯಾ? ಏನ್ ಹೇಳಿದ್ರು ನನಗೆ?"

ಕೇಳಿಸಿಕೊಂಡಿಲ್ಲ ಎನ್ನಬೇಕೆಂದು ಜೋಪಾನ ಬಾಯಿ ತೆರೆದ. ಅವಳ ಮುಖ ನೋಡಿದ ಮೇಲೆ ಆ ಮಾತು ಹೊರಬರಲಿಲ್ಲ. ಇಷ್ಟು ವರ್ಷ ಭಾವ ಅವಳೊಂದಿಗೆ ಏನು ಮಾತಾಡುತ್ತಿದ್ದರೋ ಅದನ್ನೇ ನೆನಪಿಗೆ ತಂದುಕೊಂಡು, ಎದೆ ಸೆಟೆಸಿ, ಭಾವನ ಗಡಸು ಧ್ವನಿಯಲ್ಲೇ ಹೇಳಿದ. "ಗ್ಯಾಸ್ ಆಫ್ ಮಾಡೋದು ಮರೀತೀಯ, ಮಲಗೋ ಮುಂಚೆ ಹೋಗಿ ನೋಡು! ನೀರಿನ ಮೋಟರು ಹಾಕಿ ಹರಟೆಗೆ ಕೂರಬೇಡ! ಬಾಗಿಲಿನ ಕೆಳಗಿನ ಚಿಲಕಾನೂ ಹಾಕು! ಹೀಗೇ ಅಕ್ಕ. ಬಹಳ ಹೊತ್ತು ಹೇಳಿದ್ರು."

ಅಕ್ಕ ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿತು. "ಇವರದ್ದೇ ಮಾತು. ಇನ್ನೇನು ಹೇಳ್ತಾರೆ ಇವರು," ಎಂದಳು.

ಭಾವ ಕೈಯಾಡಿಸಿದರು. ಅಲ್ಲ, ಅಲ್ಲ. ತಲೆಯಾಡಿಸಲು ನಳಿಕೆ ಬಿಡಲಿಲ್ಲ. ಕೈಯನ್ನೇ ಇನ್ನೂ ಜೋರಾಗಿ ಆಡಿಸಿದರು. ಹಲಗೆಯನ್ನು ಎಳೆದುಕೊಂಡು, ಯಾರಿಗೂ ಕಾಣದಂತೆ ಮೊಣಕಾಲೆತ್ತಿ ಮರೆಮಾಡಿ ಬರೆಯತೊಡಗಿದರು. ಒಂದು ಸಾಲು ಮುಗಿಯಿತು, ಇನ್ನೊಂದು ಶುರುವಾಯಿತು. ಅವರು ಅಷ್ಟು ನಿಧಾನವಾಗಿ ಬರೆದದ್ದನ್ನು ಜೋಪಾನ ಎಂದೂ ಕಂಡಿರಲಿಲ್ಲ. ಬರೆಯುತ್ತ ಒಮ್ಮೆ ತಲೆಯೆತ್ತಿದರು. ಮೌನಾಚರಣೆ ಕನ್ನಡಕ ಏರಿಸಿಕೊಂಡು ಕತ್ತು ಚಾಚಿದ್ದರು. ಜೋಪಾನನ ಹೆಂಡತಿ ಅರ್ಧ ಎದ್ದು ನಿಂತಿದ್ದಳು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಏನ್ರೀ? ಏನದು?" ಎನ್ನುತ್ತಿದ್ದಳು.

ಭಾವ ಅಂಗೈಯಿಂದ ಹಲಗೆಯನ್ನು ಒರೆಸಿದರು. ಮತ್ತೆ ದೊಡ್ಡ ಅಕ್ಷರದಲ್ಲಿ ಬರೆದು ಅವಳ ಕಡೆ ತಿರುಗಿಸಿದರು.

'ಗ್ಯಾಸ್ ಆಫ್ ಮಾಡಿ ಬಂದೆಯಾ?'

"ಮಾಡಿದ್ದೀನಿ ರೀ," ಎಂದಳು ಅಕ್ಕ. "ಹೊರಟವಳು ತಿರುಗಿ ಹೋಗಿ ನೋಡ್ಕೊಂಡು ಬಂದಿದ್ದೀನಿ."

"ಎಂಥಾ ಜವಾಬ್ದಾರಿ!" ಎಂದು ಮೌನಾಚರಣೆ ಮೂಗು ಸೀಟಿಕೊಂಡರು. ಇದನ್ನು ಭಾಷಣದಲ್ಲಿ ಎಲ್ಲಿ ಸೇರಿಸಬೇಕೆಂದು ಅವರು ಆಗಲೇ ಯೋಚಿಸುತ್ತಿದ್ದಂತಿತ್ತು.

ಭಾವನ ಅಂಗೈ ಮಸಿಯಿಂದ ಕಪ್ಪಾಗಿತ್ತು. ಅದನ್ನು ಹೊದಿಕೆಯ ಮೇಲೆ ಬೋರಲಾಗಿ ಇಟ್ಟುಕೊಂಡು ಮಲಗಿದರು. ಜೋಪಾನ ಅದನ್ನೇ ನೋಡುತ್ತ ನಿಂತ. ಸ್ವಲ್ಪ ಹೊತ್ತಿನಲ್ಲಿ ದಾದಿ ಬಂದು, ಹೊದಿಕೆ ಕೊಳೆಯಾಗುತ್ತದೆ ಎಂದು ಗದರಿಕೊಂಡು, ಹತ್ತಿಯನ್ನು ಒದ್ದೆ ಮಾಡಿ ಅಂಗೈಯ ಮಸಿಯನ್ನೂ ಒರೆಸಿ ತೆಗೆದಳು.